ಅಮೆರಿಕದ ಕಾಸಿಗೆ ಉದ್ದನಪಲ್ಲಿಯ ಹುಣಸೆಹುಳಿ

ಹುಣಸೆಹಣ್ಣು ಕಂಡರೆ ಲೋಕಕ್ಕೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಹೋದ ಆಯುಧಪೂಜೆಯಿಂದ ಈಚೆಗೆ ಅಂಗೈ ಬೆವರುತ್ತದೆ. ನಿನ್ನೆ ನನ್ನ ಹೆಂಡತಿ ಸರೋಜ ಸಾರಿಗೆಂದು ಒಂದು ಉಂಡೆ ಹುಣಸೆಹಣ್ಣನ್ನು ಬಟ್ಟಲಲ್ಲಿ ನೆನೆಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದಳು. ನಾನು ನೀರು ಕುಡಿಯಲು ಹೋದವನು ಸುಮ್ಮನೆ ಬರಬಹುದಿತ್ತು. ಬಗ್ಗಿ ಬಟ್ಟಲೊಳಗೆ ನೋಡಿದೆ.

"ಏನೂ ಇಲ್ಲ ರೀ, ಬರೀ ಹುಣಸೆಹಣ್ಣು. ಬೇಕಾದ್ರೆ ಕೈ ಹಾಕಿ ನೋಡಿ," ಎಂದಳು, ನನ್ನ ಕಡೆ ತಿರುಗದೆಯೇ.

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಗೆ ಗಂಡನ ಮುಖ ನೋಡುವ ಅಗತ್ಯ ಬೀಳುವುದಿಲ್ಲ.

ನೀವು ನಗಬೇಡಿ. ಮೊದಲು ನಮ್ಮ ಮನೆಯಲ್ಲಿ ತಾಮ್ರಕ್ಕಿದ್ದ ಮರ್ಯಾದೆ ಎಂಥದು ಎಂದು ಕೇಳಿ. ನಾನು ಹುಟ್ಟಿ ಬೆಳೆದದ್ದು ಗಡಿಯಾಚೆಯ ತಮಿಳು ಸೀಮೆಗೆ ಸೇರಿದ ಉದ್ದನಪಲ್ಲಿಯಲ್ಲಿ. ಪ್ರತಿ ಶುಕ್ರವಾರ ಬೆಳಗ್ಗೆ ಅಮ್ಮ ಹಂಡೆ, ಬಿಂದಿಗೆ, ಚೊಂಬು, ದೇವರ ತಟ್ಟೆ ಎಲ್ಲವನ್ನೂ ಹಿತ್ತಿಲ ಚಪ್ಪಡಿಯ ಮೇಲೆ ಸಾಲಾಗಿ ನಿಲ್ಲಿಸುವಳು. ಸಾರಿಗೆ ಬಾರದ ಹಳೆಯ ಕಪ್ಪು ಹುಣಸೆಹಣ್ಣು, ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು. ಉಜ್ಜುವ ಕೆಲಸ ನನ್ನ ಅಕ್ಕ ಮುನಿರತ್ನಮ್ಮನದು. ಪರೀಕ್ಷೆ ನನ್ನದು. ನನಗೆ ಆಗ ಮುಂದಿನ ಹಲ್ಲೊಂದು ಬಿದ್ದಿತ್ತು. ಚೊಂಬಿನೆದುರು ಬಾಯಿ ತೆರೆದಾಗ ಆ ಕಿಂಡಿ ಕಂಡರೆ ಚೊಂಬು ಪಾಸು, ಕಾಣದಿದ್ದರೆ ಮತ್ತೆ ಚಪ್ಪಡಿಗೆ. ಅಕ್ಕ ಒಂದೊಂದು ಸಲ ಸಿಟ್ಟಿಗೆದ್ದು, "ಹಲ್ಲು ಬರೋವರ್ಗೂ ಬಾಯಿ ಮುಚ್ಕಂಡಿರ್ಲಾ," ಎನ್ನುವಳು. ಆದರೂ ಉಜ್ಜುವಳು. ಅವಳ ಕೈಗೆ ಮಧ್ಯಾಹ್ನದವರೆಗೂ ಹುಳಿ ಮತ್ತು ಲೋಹ ಬೆರೆತ ಒಂದು ವಾಸನೆ ಇರುತ್ತಿತ್ತು. ಆ ಕೈಯಲ್ಲೇ ನನ್ನ ಕೆನ್ನೆ ಹಿಂಡುತ್ತಿದ್ದಳು.

ಹೀಗೆ ಹೊಳಪೇ ಶುದ್ಧಿ, ಮಂಕೇ ಮೈಲಿಗೆ ಎಂದು ಕಲಿತವನು ನಾನು. ಶಾಲೆ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ನಮ್ಮ ಹೆಡ್‌ಮಾಸ್ಟರು ಪ್ರಾರ್ಥನೆಗೆ ಮುಂಚೆ ಉಗುರು, ಕಾಲರು, ಚೀಲದ ಪಟ್ಟಿ ಮೂರನ್ನೂ ನೋಡುತ್ತಿದ್ದರು. ಪಾಠ ನಡೆದದ್ದು ತಮಿಳಿನಲ್ಲಿ, ಆದ್ದರಿಂದ ಇವತ್ತಿಗೂ ನನ್ನ ಲೆಕ್ಕ ತಮಿಳಿನಲ್ಲೇ. ಬೈಗುಳ ಬಂದರೆ ತೆಲುಗಿನಲ್ಲಿ ಬರುತ್ತದೆ; ಅದು ಪಕ್ಕದ ಮನೆಯವರ ಕೊಡುಗೆ. ಹಸಿವು, ಜ್ವರ, ದಿಗಿಲು ಇವು ಮಾತ್ರ ಕನ್ನಡದವು.

ಆಮೇಲೆ ಮೂಕಂಡಪಲ್ಲಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಟೂಲ್ ರೂಮಿಗೆ ಸೇರಿದೆ. ನಾವು ಮಾಡುತ್ತಿದ್ದದ್ದು ಡೈ, ಅಂದರೆ ತಗಡಿಗೆ ರೂಪ ಕೊಡುವ ಉಕ್ಕಿನ ಅಚ್ಚು. ಅಲ್ಲಿನ ಗೋಡೆಯ ಮೇಲೆ ಒಂದು ದೊಡ್ಡ ಹಲಗೆ. ಅದರ ಮೇಲೆ ಪ್ರತಿಯೊಂದು ಸಲಕರಣೆಯ ಆಕಾರವನ್ನು ಬಣ್ಣದಲ್ಲಿ ಬರೆದಿತ್ತು. ಸುತ್ತಿಗೆಯ ನೆರಳಿನ ಮೇಲೆ ಸುತ್ತಿಗೆ, ಸ್ಪ್ಯಾನರಿನ ನೆರಳಿನ ಮೇಲೆ ಸ್ಪ್ಯಾನರು. ಸಂಜೆ ಸೈರನ್ ಆಗುವ ಮೊದಲು ಒಂದು ನೆರಳು ಬರಿದಾಗಿ ಕಂಡರೂ ಯಾರೂ ಗೇಟು ದಾಟುವಂತಿರಲಿಲ್ಲ. ನನಗೆ ಆ ಹಲಗೆ ಎಷ್ಟು ಹಿಡಿಸಿತೆಂದರೆ, ಆಲಸನತ್ತಂನಲ್ಲಿ ಮನೆ ಕಟ್ಟಿಸಿದಾಗ ಅಡುಗೆಮನೆಯ ಗೋಡೆಯ ಮೇಲೂ ಸೌಟು, ಜಾಲರಿ, ಇಕ್ಕಳಗಳ ನೆರಳು ಬರೆಸಿದೆ. ಗೃಹಪ್ರವೇಶಕ್ಕೆ ಬಂದ ಹೆಂಗಸರು ಅದನ್ನು ನೋಡಿ ಸರೋಜಳ ಬೆನ್ನು ಸವರಿ ಹೋದರು. ಅದು ಅಭಿನಂದನೆ ಎಂದೇ ನಾನು ಬಹಳ ಕಾಲ ನಂಬಿದ್ದೆ.

ಇಂಥ ನನಗೆ ಅಮೆರಿಕದ ಹಳೆಯ ತಾಮ್ರದ ಕಾಸಿನ ಗೀಳು ಹತ್ತಿಕೊಂಡದ್ದು ಆ ಟೂಲ್ ರೂಮಿನಲ್ಲೇ. ತಗಡು ಒತ್ತುವ ಹೊಸ ಪ್ರೆಸ್ ಒಂದನ್ನು ಜೋಡಿಸಿಕೊಡಲು ಅಮೆರಿಕದಿಂದ ಒಬ್ಬ ಇಂಜಿನಿಯರು ಬಂದಿದ್ದ. ಕೆಂಪು ಗಡ್ಡ, ಮಿತ ಮಾತು, ನಮ್ಮ ಕ್ಯಾಂಟೀನಿನ ಮೊಸರನ್ನದ ಭಕ್ತ. ಯೋಚಿಸುವಾಗಲೆಲ್ಲ ಜೇಬಿನಿಂದ ಒಂದು ದಪ್ಪ ತಾಮ್ರದ ನಾಣ್ಯ ತೆಗೆದು ಬೆರಳುಗಳ ನಡುವೆ ಹೊರಳಿಸುತ್ತಿದ್ದ. ನಮ್ಮ ಹಳೆಯ ಕಾಲಾಣೆಗಿಂತ ಒಂದು ಸುತ್ತು ದೊಡ್ಡದು. ಅವರ ದೇಶ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲದ್ದು, ಒಂದು ಸೆಂಟು, ಅವನ ತಾತನ ಜೇಬಿನಿಂದ ಬಂದದ್ದು. ಒಂದು ಪಕ್ಕ ಕೂದಲು ಇಳಿಬಿಟ್ಟ ಹೆಂಗಸಿನ ಮುಖ, ಇನ್ನೊಂದು ಪಕ್ಕ ಎಲೆಗಳ ಹಾರ. ನಾನು ಅದನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಅಂಚಿನಿಂದ ಹೊರಟು ಅವಳ ಕೂದಲನ್ನು ಸೀಳಿಕೊಂಡು ಕಿವಿಯ ಬಳಿ ನಿಂತ ಒಂದು ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ಗೀಚಿದ್ದಲ್ಲ, ಉಬ್ಬಿದ ಗೆರೆ.

ಡೈ ಮಾಡುವವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮಗೆ ಹೇಳುತ್ತೇನೆ. ಉಕ್ಕಿನ ಡೈ ಬಿರುಕು ಬಿಟ್ಟರೆ, ಹೊಡೆತ ಬಿದ್ದಾಗ ತಾಮ್ರ ಆ ಬಿರುಕಿನೊಳಕ್ಕೆ ನುಗ್ಗುತ್ತದೆ. ಡೈಯಲ್ಲಿ ಸೀಳು, ನಾಣ್ಯದಲ್ಲಿ ಏಣು. ಬಿರುಕು ಬಿಟ್ಟ ಡೈಯನ್ನು ನಮ್ಮಲ್ಲಿ ಕೂಡಲೇ ಕೆಂಪು ಬಣ್ಣ ಬಳಿದು ಮೂಲೆಗೆ ಸೇರಿಸುತ್ತಿದ್ದೆವು. ಆ ಪುಣ್ಯಾತ್ಮರು ಅದರಲ್ಲೇ ಹೊಡೆದು ದೇಶಕ್ಕೆಲ್ಲ ಹಂಚಿದ್ದಾರೆ! ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಬೇರೊಂದು ಭಾವ ಬಂತು. ಉಕ್ಕು ಸಿಗದ, ಕೈಯಲ್ಲೇ ಒಂದೊಂದು ಡೈ ಕೊರೆಯುವ, ನಾಳೆಯೂ ಇದು ಓಡಲಪ್ಪ ಎಂದು ದೇವರಿಗೆ ಕೈಮುಗಿಯುವ ಒಬ್ಬ ಟೂಲ್ ರೂಮಿನವನು ಕಣ್ಣಿಗೆ ಕಟ್ಟಿದ. ಊರಿಗೆ ಹೊರಟ ದಿನ ಆ ಇಂಜಿನಿಯರು ನಾಣ್ಯವನ್ನು ನನ್ನ ಕೈಗಿಟ್ಟು, "ನನಗಿಂತ ನೀನೇ ಇದನ್ನು ಚೆನ್ನಾಗಿ ನೋಡಿದೆ," ಎಂದ.

ನಿವೃತ್ತಿಯ ಮೇಲೆ ಅದರ ಜೊತೆಗೆ ಇನ್ನಷ್ಟು ಸೇರಿದವು. ಹೆಚ್ಚೇನಿಲ್ಲ, ಒಂದು ಡ್ರಾಯರಿನಲ್ಲಿ ಅಡಗುವಷ್ಟು. ಒಂದೊಂದಕ್ಕೂ ಒಂದು ಕಾಗದದ ಲಕೋಟೆ, ಒಂದು ಗೂಡು. ಈ ಹವ್ಯಾಸದ ಮೊದಲ ಪಾಠವೇ ನನ್ನ ಬಾಲ್ಯಕ್ಕೆ ತಿರುಗೇಟು: ತಾಮ್ರವನ್ನು ಬೆಳಗಬಾರದು. ಇನ್ನೂರು ವರ್ಷ ಗಾಳಿ, ಕೈಬೆವರು, ಕತ್ತಲು ಸೇರಿ ಅದಕ್ಕೆ ಒಂದು ಕಂದು ಚರ್ಮ ಕೊಟ್ಟಿರುತ್ತವೆ, ಹುರಿದ ಕಾಫಿಬೀಜದ ಬಣ್ಣದ್ದು. ಅದೇ ಅದರ ಮಾನ. ಒಮ್ಮೆ ಉಜ್ಜಿದರೆ ಹೋಯಿತು, ಮತ್ತೆ ಬಾರದು. ಬಲ್ಲವರು ಯಾರೂ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ಮಂಕಾದ ತಾಮ್ರವನ್ನು ಮಂಕಾಗಿಯೇ ಬಿಡುವುದೆಂದರೆ, ಮೂಗು ಸೋರುವ ಮಗುವನ್ನು ನೋಡಿಯೂ ಒರೆಸದೆ ಕೂತಹಾಗೆ.

ಈ ಗೀಳಿನಲ್ಲಿ ನನಗಿರುವ ಒಬ್ಬನೇ ಜೊತೆಗಾರ ಕೃಷ್ಣಗಿರಿಯ ಡಾಕ್ಟರ್ ಷಣ್ಮುಗಂ. ದನದ ಡಾಕ್ಟರಾಗಿ ನಿವೃತ್ತರಾದವರು. ಮನೆಮಾತು ತಮಿಳು, ಆದರೆ ಗಡಿಯ ಹಳ್ಳಿಗಳ ಕೊಟ್ಟಿಗೆಗಳಲ್ಲೇ ಓಡಾಡಿ ಕನ್ನಡ ಕಲಿತವರು. ಹಸುವಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ ಅಭ್ಯಾಸ ಅವರನ್ನು ಬಿಟ್ಟಿಲ್ಲ; ನಾಣ್ಯವನ್ನೂ ಮೊದಲು ಅಂಚು ಹಿಡಿದೇ ಪರೀಕ್ಷಿಸುತ್ತಾರೆ. ಅವರ ಬಳಿ ಒಂದು ಸೆಂಟು ಇದೆ. ನನ್ನ ಆ ಮೊದಲ ನಾಣ್ಯ ಹುಟ್ಟಿದ ಡೈಯಲ್ಲೇ ಅದೂ ಹುಟ್ಟಿದ್ದು. ಅದೇ ಕೂದಲು, ಅದೇ ಓರೆಯಾದ ಅಕ್ಷರ. ಒಂದೇ ವ್ಯತ್ಯಾಸ: ಅವರದರಲ್ಲಿ ಆ ಗೆರೆ ಇಲ್ಲ. ಡೈ ಬಿರುಕು ಬಿಡುವ ಮೊದಲು ಹೊಡೆದದ್ದು. ಅವಳಿ ಮಕ್ಕಳಲ್ಲಿ ಒಬ್ಬಳಿಗೆ ಮಾತ್ರ ಹಣೆಯ ಮೇಲೆ ಗಾಯದ ಗುರುತಿದ್ದ ಹಾಗೆ. ಅವರದು ನನ್ನದಕ್ಕಿಂತ ಬಹಳ ಅಂದವಾದದ್ದು, ಅಪರೂಪದ್ದು. ಡಾಕ್ಟರಿಗೆ ಅದರ ಮೇಲೆ ಪ್ರಾಣ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದು ನಾನು ಬಾಯಿ ತಪ್ಪಿ ಅಂದದ್ದೇ ತಡ, ಆಯುಧಪೂಜೆಗೆ ಕೆಲವು ದಿನ ಮುಂಚೆ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ನೋಡ್ಬಿಟ್ಟು ಕೊಡಿ ಸಾರ್. ಅವಸರ ಇಲ್ಲ. ಬೇರೆ ಯಾರ ಮನೇಲೂ ನಾನು ಬಿಡಲ್ಲ. ನಿಮ್ಮ ಮನೆ ಅಂದ್ರೆ ಬ್ಯಾಂಕ್ ಲಾಕರ್ ತರ."

ನಾನು ಸಂಕೋಚದಿಂದ ನಕ್ಕೆ, ಆದರೆ ಒಳಗೊಳಗೆ ಒಪ್ಪಿದೆ.

ಹಬ್ಬಕ್ಕೆ ಅಕ್ಕ ಬಂದಳು. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ, ಮಂಡಿ ನೋವಿದೆ, ಕೈಯ ಶಕ್ತಿ ಮಾತ್ರ ಹಾಗೇ ಇದೆ. ಆಯುಧಪೂಜೆಯ ಬೆಳಗ್ಗೆ ನಾನು ಎರಡೂ ಸೆಂಟುಗಳನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತಿದ್ದೆ. ಬೂದುಗುಂಬಳಕಾಯಿ ತರಲು ಮರೆತಿದ್ದೀರೆಂದು ಸರೋಜ ಕೂಗಿದಳು. ಮರೆತೆ ಎಂಬ ಮಾತೇ ನನಗೆ ಅವಮಾನ; ಚೀಲ ಹಿಡಿದು ಎದ್ದವನು ಹಾಗೇ ಹೊರಟುಬಿಟ್ಟೆ. ಪೇಟೆಯಲ್ಲಿ ಲಾರಿ, ಆಟೋ, ಬಾಳೆಕಂದು, ಸೇವಂತಿಗೆ, ಕಡಲೆಪುರಿ ಮೂಟೆ, ಕಾಲಿಡಲು ಜಾಗವಿಲ್ಲ. ಕಾಯಿ ಹೊತ್ತು ಬೆವರಿ ಬಂದು ನೋಡುತ್ತೇನೆ, ಮೇಜು ಬರಿದು.

ಬರಿದು ಅಂದರೆ ಎರಡು ಸಲ ಒರೆಸಿದಷ್ಟು ಬರಿದು.

ದೇವರ ಮುಂದಿನ ಮಣೆಯ ಮೇಲೆ ನನ್ನ ಹಳೆಯ ಸಲಕರಣೆಗಳೆಲ್ಲ ಸಾಲಾಗಿದ್ದವು. ಮೈಕ್ರೊಮೀಟರು, ಅರ, ಸುತ್ತಿಗೆ, ಭೂತಗನ್ನಡಿ, ಎಲ್ಲಕ್ಕೂ ಅರಿಶಿನ ಕುಂಕುಮ. ಪಕ್ಕದಲ್ಲಿ ಬೆಳಗಿದ ಚೊಂಬು, ತಟ್ಟೆ, ಉದ್ಧರಣೆ. ನಟ್ಟನಡುವೆ, ಒಂದು ವೀಳ್ಯದೆಲೆಯ ಮೇಲೆ, ಹಕ್ಕಳೆ ಉದುರಿದ ಗಾಯದಲ್ಲಿ ಹೊಸ ಚರ್ಮ ಬಂದ ಹಾಗೆ ನಸುಗೆಂಪಾಗಿ, ಹೊಳೆಹೊಳೆಯುತ್ತಾ, ಒಂದು ಸೆಂಟು. ಒಂದೇ ಒಂದು.

"ಎಂಗೈತೆ?" ಎಂದಳು ಅಕ್ಕ, ಸೆರಗಿಗೆ ಕೈ ಒರೆಸುತ್ತಾ. "ಮೂರು ಕಿತ ಹುಣಸೇಹಣ್ಣು ಹಾಕ್ದೆ ಕಣ್ಲಾ. ಎಷ್ಟು ಜನ್ಮದ ಕಿಲುಬೋ! ಈಗ ನೋಡು, ಆ ಯಮ್ಮನ ಮಖ ಎಂಗ್ ಮಿಂಚ್ತಾ ಐತೆ."

ಡಾಕ್ಟರ ಮುಖ ಕಣ್ಣೆದುರು ಬಂತು. ಅವರು ಸಿಟ್ಟಾಗುವವರಲ್ಲ, ಅದೇ ಭಯ. ಹೋಗಲಿ ಬಿಡಿ ಸಾರ್ ಎಂದು ನಕ್ಕು, ಆ ಹೊಳೆಯುವ ತುಂಡನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿ ಹೋಗುತ್ತಾರೆ. ಆಮೇಲೆ ಎಂದಿನ ಹಾಗೆ ಫೋನು ಮಾಡುತ್ತಾರೆ, ಎಂದಿನ ಹಾಗೆ ಮಾತಾಡುತ್ತಾರೆ. ನಾಣ್ಯದ ಮಾತು ಮಾತ್ರ ನಮ್ಮ ನಡುವೆ ಮತ್ತೆಂದೂ ಬರುವುದಿಲ್ಲ. ಈ ವಯಸ್ಸಿನಲ್ಲಿ ಅಂಥ ಇನ್ನೊಬ್ಬ ಸ್ನೇಹಿತನನ್ನು ನಾನೆಲ್ಲಿ ಹುಡುಕಲಿ?

ಇದು ಯಾರದು, ನನ್ನದೋ ಅವರದೋ? ಬರಿಗಣ್ಣಿಗೆ ಗೊತ್ತಾಗುವಂತಿರಲಿಲ್ಲ. ಗೆರೆ ಇದ್ದರೆ ನನ್ನದು, ಇಲ್ಲದಿದ್ದರೆ ನಾನು ಕೆಟ್ಟೆ. ಭೂತಗನ್ನಡಿಗೆ ಕೈ ಹಾಕಿದೆ.

"ಏಯ್, ಮುಟ್ಬ್ಯಾಡ!" ಅಕ್ಕ ನನ್ನ ಕೈಗೆ ಹೊಡೆದಳು. "ಕುಂಕುಮ ಇಕ್ಕಿದೀನಿ. ಪೂಜೆ ಆಗೋಗಂಟ ಆಯುಧ ಎತ್ತಂಗಿಲ್ಲ."

"ಅಕ್ಕಾ, ಒಂದೇ ನಿಮಿಷ."

"ಒಂದು ಗಳಿಗೆನೂ ಇಲ್ಲ. ಹೋದ ವರ್ಷ ನಾನು ಕತ್ರಿ ಎತ್ತಿದ್ದಕ್ಕೆ ಎಷ್ಟುದ್ದ ಬುದ್ಧಿ ಹೇಳ್ದೆ, ಗೆಪ್ತಿ ಐತಾ?"

ಇತ್ತು. ಆ ಉಪನ್ಯಾಸ ನನ್ನ ಉತ್ತಮ ಉಪನ್ಯಾಸಗಳಲ್ಲೊಂದು. ಶಿಸ್ತಿನವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ತಾನು ಹಾಕಿದ ಬೇಲಿಯನ್ನು ತಾನೇ ಪಂಚೆ ಎತ್ತಿ ಕಟ್ಟಿ ಹಾರಬೇಕು. ಹಾರಿದೆ. ಭೂತಗನ್ನಡಿ, ಸೆಂಟು ಎರಡನ್ನೂ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಓಡಿ, ಕಣ್ಣಿಗೆ ಹಿಡಿದೆ. ಲೋಕವೆಲ್ಲ ಕೆಂಪಗಿತ್ತು. ಅಕ್ಕ ಗಾಜಿನ ನಡುಮಧ್ಯಕ್ಕೇ ಕುಂಕುಮ ಇಟ್ಟಿದ್ದಳು. ಪಂಚೆಯಲ್ಲಿ ಒರೆಸಿದೆ, ಅರಿಶಿನ ಮೆತ್ತಿಕೊಂಡು ಲೋಕ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬಾಯಿಯ ಆವಿ ಹಾಕಿ ಮತ್ತೆ ಒರೆಸಿದೆ. ಅಕ್ಕ ಹಿಂದೆಯೇ ಬಂದು, "ಸರೋಜಾ, ಬಾಮ್ಮ ಇಲ್ಲಿ, ನಿನ್ ಗಂಡುಂಗೆ ಏನೋ ಆಗೋಗೈತೆ," ಎನ್ನುತ್ತಿದ್ದಳು.

ಅಂಚು ಕಂಡಿತು. ಕೂದಲು ಕಂಡಿತು. ಕೂದಲನ್ನು ಸೀಳಿಕೊಂಡು ಕಿವಿಯ ಬಳಿ ಬಂದು ನಿಂತ ಏಣು ಕಂಡಿತು.

"ನಂದೇ!" ಎಂದು ಕೂಗಿದೆ. "ಅಕ್ಕಾ, ನಂದೇ ಹಾಳಾಗಿರೋದು! ನಂದೇ!"

ಒಬ್ಬ ಮನುಷ್ಯ ತನ್ನ ವಸ್ತು ಕೆಟ್ಟಿತೆಂದು ಅಷ್ಟು ಸಂತೋಷ ಪಟ್ಟದ್ದನ್ನು ಆಲಸನತ್ತಂ ಅದುವರೆಗೂ ಕಂಡಿರಲಾರದು. ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು. ಆಗ ನನಗೆ ಅರ್ಧ ಮಾತ್ರ ಗೆದ್ದಿದ್ದೇನೆಂದು ಹೊಳೆಯಿತು.

"ಇನ್ನೊಂದು? ಅಕ್ಕಾ, ಮೇಜಿನ ಮೇಲೆ ಎರಡಿತ್ತಲ್ಲ, ಇನ್ನೊಂದೆಲ್ಲಿ?"

"ನಂಗೇನ್ ಗೊತ್ತು? ಇದ್ನ ಬೆಳಗಿ ಬರೋವೊತ್ಗೆ ಅದು ಅಲ್ಲಿರ್ಲಿಲ್ಲ. ಬೆಳಗ್ಬೇಕು ಅಂತ ನಾನೂ ಹುಡುಕ್ದೆ."

ಮೇಜಿನ ಕೆಳಗೆ ಬಗ್ಗಿದೆ. ಕಸದ ಬುಟ್ಟಿ ಬೋರಲು ಹಾಕಿದೆ. ಅಡುಗೆಮನೆಗೆ ಓಡಿ ಹುಣಸೆಹಣ್ಣಿನ ಬಟ್ಟಲಿಗೆ ಮುಂಗೈವರೆಗೆ ಕೈ ಇಳಿಸಿದೆ. ನಾರು, ಬೀಜ, ಮತ್ತೆ ನಾರು. ಸರೋಜ ಒಬ್ಬಟ್ಟಿನ ಹೂರಣ ಉಂಡೆ ಮಾಡುತ್ತಾ ಇದನ್ನೆಲ್ಲ ನೋಡುತ್ತಿದ್ದಳು.

"ಏನು ಹುಡುಕ್ತಿದೀರಿ?"

"ಡಾಕ್ಟರ ನಾಣ್ಯ!"

"ಅದಾ? ಅದರ ಜಾಗದಲ್ಲಿದೆ."

"ಯಾವ ಜಾಗ?"

"ಒಂದೊಂದು ವಸ್ತುವಿಗೂ ಒಂದೊಂದು ಜಾಗ ಅಂತ ದಿನಾ ಹೇಳೋರು ನೀವು. ಜಾಗ ಯಾವುದು ಅಂತ ನನ್ನ ಕೇಳ್ತೀರಾ?"

ಡ್ರಾಯರು ಎಳೆದೆ. ಡಾಕ್ಟರ ಹೆಸರು ಬರೆದ ಲಕೋಟೆ ತನ್ನ ಗೂಡಿನಲ್ಲಿ ನೆಟ್ಟಗೆ ನಿಂತಿತ್ತು. ಒಳಗೆ ಕಾಫಿಬೀಜದ ಬಣ್ಣದ ಆ ಹೆಂಗಸು ಹಾಯಾಗಿ ಮಲಗಿದ್ದಳು, ಒಂದು ಹನಿ ಹುಳಿಯೂ ಸೋಕದೆ. ಅಕ್ಕ ಒಂದನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದದ್ದನ್ನು ಸರೋಜ ನೋಡಿದ್ದಾಳೆ. ಅಡ್ಡ ಬರುವಷ್ಟರಲ್ಲಿ ಅದು ಬೂದಿ ಕಂಡಾಗಿತ್ತಂತೆ. ಇನ್ನೊಂದನ್ನು ನಾನು ಹಿಡಿಯುವ ಹಾಗೆಯೇ ಅಂಚು ಹಿಡಿದು ಲಕೋಟೆಗೆ ಇಳಿಸಿದ್ದಾಳೆ. "ಯಾರದು ಯಾವುದು ಅಂತ ನಂಗೂ ಗೊತ್ತಿರ್ಲಿಲ್ಲ," ಎಂದಳು. "ಡಾಕ್ಟರದು ಉಳೀಲಪ್ಪಾ ಅಂತ ಅವರ ಹೆಸರಿನ ಲಕೋಟೆಗೇ ಹಾಕ್ದೆ."

ನಾನು ಹಾಗೇ ನೆಲದ ಮೇಲೆ ಕುಳಿತೆ. ನೆಲ ತಣ್ಣಗಿತ್ತು. ಬಹಳ ಹೊತ್ತು ಯಾವ ಕೆಲಸವನ್ನೂ ಮಾಡಬೇಕೆನಿಸಲಿಲ್ಲ. ಬೂದುಗುಂಬಳಕಾಯಿ ಬಾಗಿಲಲ್ಲೇ ಬಿದ್ದಿತ್ತು, ಇರಲಿ ಎನಿಸಿತು. ಅಕ್ಕ ಒಂದು ಲೋಟ ನೀರು ತಂದು ಕೊಟ್ಟು ಪಕ್ಕದಲ್ಲೇ ಗೋಡೆಗೊರಗಿ ಕಾಲು ಚಾಚಿದಳು. ಆಗ ಅವಳಿಗೆ ಎಲ್ಲವನ್ನೂ ಹೇಳಿದೆ, ಕಂದು ಚರ್ಮದ ವಿಷಯ, ಬಿರುಕಿನ ವಿಷಯ, ಡಾಕ್ಟರ ವಿಷಯ. ಗಮನವಿಟ್ಟು ಕೇಳಿದಳು.

"ಅಂದ್ರೆ, ಕೊಳಕಾಗಿದ್ರೇನೇ ಬೆಲೆ."

"ಕೊಳಕಲ್ಲ ಅಕ್ಕ, ವಯಸ್ಸು."

"ಹಂಗಾದ್ರೆ ನನ್ನೂ ಒಂದು ಕವರ್‌ನಾಗೆ ಹಾಕಿ ಡ್ರಾಯರ್‌ನಾಗೆ ಇಕ್ಕು," ಎಂದು ಬಾಯಗಲಿಸಿ ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಿಂದು ಹಾಳಾಗೋಯ್ತಾ? ಬೇಜಾರಾ?" ಎಂದಳು.

ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವತ್ತು ಬೇಜಾರು ಬಾಗಿಲಲ್ಲೇ ನಿಂತಿತ್ತು. ಒಳಗೆಲ್ಲ ಸಮಾಧಾನವೇ ತುಂಬಿಕೊಂಡು ಅದಕ್ಕೆ ಜಾಗವಿರಲಿಲ್ಲ.

ಹಬ್ಬದ ಮಾರನೆಯ ದಿನ ಡಾಕ್ಟರು ಕಡಲೆಪುರಿ ಪೊಟ್ಟಣ ಹಿಡಿದು ಬಂದರು. ನಾನು ಮೊದಲು ಅವರ ನಾಣ್ಯವನ್ನು ಅವರ ಕೈಗಿಟ್ಟು, ಅವರು ಅಂಚು ನೋಡಿ ತಲೆಯಾಡಿಸಿದ ಮೇಲೆಯೇ ಕಥೆ ಶುರುಮಾಡಿದೆ. ನನ್ನ ಹೊಳೆಯುವ ಸೆಂಟನ್ನು ತೋರಿಸಿದಾಗ ಅವರು ಸಾವಿನ ಮನೆಗೆ ಬಂದವರ ಹಾಗೆ ಕನ್ನಡಕ ತೆಗೆದರು. ಅಷ್ಟರಲ್ಲಿ ಅಕ್ಕ ಕಾಫಿ ತಂದಳು.

"ಡಾಕ್ಟ್ರೇ, ನಿಮ್ದೂ ಕೊಡಿ. ಇದರ ಜೋಡಿಗೆ ಮಾಡ್ಬುಡ್ತೀನಿ."

ಡಾಕ್ಟರು ಹದ್ದು ಕಂಡ ಕೋಳಿಯ ಹಾಗೆ ಎರಡೂ ಕೈಯಿಂದ ನಾಣ್ಯವನ್ನು ಮುಚ್ಚಿಕೊಂಡರು. ಅಕ್ಕ ಬಿದ್ದು ಬಿದ್ದು ನಕ್ಕಳು. ತಮಾಷೆ ಎಂದು ಗೊತ್ತಾಗಿ ಅವರೂ ನಕ್ಕರು, ಆದರೆ ಕೈ ತೆಗೆಯಲು ತಡ ಮಾಡಿದರು. ಎರಡನ್ನೂ ಸರಿಯಾಗಿ ಹೋಲಿಸಿ ನೋಡುವುದು ಮುಗಿದಿಲ್ಲವೆಂದು ನಾನು ಹೇಳಿದ್ದೇ ತಪ್ಪಾಯಿತು. ಅವರು ಲಕೋಟೆಯನ್ನು ಮತ್ತೆ ನನ್ನ ಕಡೆ ತಳ್ಳಿದರು.

"ಇನ್ನೂ ಇಟ್ಕೊಳ್ಳಿ ಸಾರ್."

"ಬೇಡ ಡಾಕ್ಟರೇ. ದಯವಿಟ್ಟು ತಗೊಂಡು ಹೋಗಿ. ನನ್ನ ಮನೆ ಲಾಕರಲ್ಲ ಅಂತ ಗೊತ್ತಾಯ್ತಲ್ಲ."

"ಲಾಕರ್ ಅಲ್ಲ. ಆದ್ರೆ ಅಮ್ಮಾ ಇದಾರಲ್ಲ," ಎಂದು ಸರೋಜಳ ಕಡೆ ಕೈ ತೋರಿಸಿದರು. ನನ್ನ ಮಟ್ಟಿಗೆ ಇದು ಬಡ್ತಿಯೋ ಹಿಂಬಡ್ತಿಯೋ ಯೋಚಿಸುತ್ತಿರುವಾಗ ಅಕ್ಕ ಲೋಟಗಳನ್ನು ಎತ್ತುತ್ತಾ ನಡುವೆ ಬಂದಳು.

"ಇಟ್ಕಳ್ಳಾ. ಅದ್ಯಾಕಂಗಾಡ್ತೀಯ? ನಾನೆಂಗೂ ನಾಳೆ ಬೆಳಗ್ಗೆ ಬಸ್ಸಿಗೆ ಹೊಂಟೋಗ್ತೀನಿ."

ಇಟ್ಟುಕೊಂಡೆ.

ಮರುದಿನ ಅವಳನ್ನು ಬಸ್ ಸ್ಟಾಂಡಿಗೆ ಕರೆದುಕೊಂಡು ಹೋಗಿ, ಕಿಟಕಿಯ ಪಕ್ಕ ಕೂರಿಸಿ, ಚೀಲ ಕಾಲ ಬಳಿ ಇಟ್ಟು ಇಳಿದೆ. ಬಸ್ಸು ಹೊರಟಿತು. ಕಿಟಕಿಯಿಂದ ಅವಳ ಕೈ ಹೊರಗೆ ಬಂತು, ಆಮೇಲೆ ತಲೆ.

"ಲೋ, ದೀಪಾವಳಿಗೆ ಬತ್ತೀನಿ ಕಣ್ಲಾ! ನೀರು ತುಂಬೋ ಹಬ್ಬ, ನಿನ್ ಹೆಂಡ್ತಿ ಒಬ್ಳೇ ಹಂಡೆ ಬೆಳಗಕ್ಕಾಯ್ತದಾ?"

ಬಸ್ಸು ತಿರುವಿನಲ್ಲಿ ಮರೆಯಾಯಿತು. ನಾನು ಅಲ್ಲೇ ನಿಂತು ಡಾಕ್ಟರಿಗೆ ಫೋನು ಮಾಡಿ, ಹೇಗಾದರೂ ಮಾಡಿ ದೀಪಾವಳಿಗೆ ಮುಂಚೆ ಬಂದು ನಾಣ್ಯ ತೆಗೆದುಕೊಂಡು ಹೋಗಬೇಕೆಂದು ಕೇಳಿಕೊಂಡೆ. ಯಾಕೆ, ಏನು ಎಂದು ಅವರು ವಿಚಾರಿಸಲಿಲ್ಲ. "ಅಕ್ಕ ಬರ್ತಾರಾ ಸಾರ್?" ಎಂದಷ್ಟೇ ಕೇಳಿದರು.